ಕಲೋಚಾದ ಅಮ್ಮ ಬಂದ ಚಳಿಗಾಲ

ಒಣಮೆಣಸು ಹುರಿದರೆ ನಮ್ಮ ಮನೆಯಲ್ಲಿ ಎಲ್ಲರೂ ಕೆಮ್ಮಬೇಕು, ಪಕ್ಕದ ಮನೆಯವರೂ ಕೆಮ್ಮಬೇಕು. ಕಳೆದ ತಿಂಗಳು ಒಂದು ಮಧ್ಯಾಹ್ನ ಯಾರೂ ಕೆಮ್ಮಲಿಲ್ಲ. ನಾನು ಅಂಗಳದಲ್ಲಿ ಅಂಗಡಿಯೊಂದರ ಬೋರ್ಡಿಗೆ ಪ್ರೈಮರ್ ಹೊಡೆಯುತ್ತಿದ್ದೆ. ಒಳಗೆ ನನ್ನ ಹೆಂಡತಿ ಪ್ರೇಮಾ ಹೊಸ ಅಂಗಡಿಯಿಂದ ತಂದ ಮೆಣಸಿನ ಹುಡಿಯನ್ನು ಬಿಸಿ ಎಣ್ಣೆಗೆ ಹಾಕಿದ್ದಳು. "ಬಣ್ಣ ಮಾತ್ರ ಉಂಟು, ಖಾರ ಇಲ್ವೇ ಇಲ್ಲ. ಮೋಸ ಮಾಡಿದ್ದಾರೆ ನೋಡಿ," ಎಂದು ಅಲ್ಲಿಂದಲೇ ಬೈದಳು. ಸುಟ್ಟ ಸಿಹಿಯಂಥ ಆ ವಾಸನೆ ಅಂಗಳಕ್ಕೆ ಬಂದು ನನ್ನ ಪಕ್ಕದಲ್ಲಿ ಕೂತಿತ್ತು. ಇಷ್ಟು ವರ್ಷಗಳಲ್ಲಿ ಅದನ್ನು ನಾನು ಮೂಸಿದ್ದು ಒಂದೇ ಅಡುಗೆಮನೆಯಲ್ಲಿ, ಬಹ್ರೈನಿನಲ್ಲಿ, ಒಂದೇ ಒಂದು ಚಳಿಗಾಲ.

ಬಹ್ರೈನಿಗೆ ಹೋಗುವ ಮೊದಲು ನಾನು ಮಲ್ಪೆಯಲ್ಲಿ ದೋಣಿಗಳಿಗೆ ಹೆಸರು ಬರೆಯುತ್ತಿದ್ದೆ. ಹೆಸರೆಂದರೆ ಬರೀ ಅಕ್ಷರವಲ್ಲ. ದೋಣಿಯ ಮೂತಿಯ ಎರಡೂ ಕಡೆ ತಾವರೆ, ಬಳ್ಳಿ, ಒಂದನ್ನೊಂದು ಅಟ್ಟುವ ಮೀನುಗಳು, ಎಲ್ಲ ಬೇಕು. ಪೈಂಟರ್ ಎಂದೇ ವೀಸಾ ಸಿಕ್ಕಿದಾಗ ನನಗೆ ಹೆಮ್ಮೆಯಾಗಿತ್ತು. ಅಲ್ಲಿ ಹೋಗಿ ನೋಡಿದರೆ ಪೈಂಟರ್ ಎಂದರೆ ಗೋಡೆ, ಗೋಡೆ ಎಂದರೆ ಕೆನೆಬಿಳಿ. ಬೆಳಿಗ್ಗೆಯಿಂದ ಸಂಜೆಯವರೆಗೆ ರೋಲರ್ ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ. ಊರಿನಿಂದ ತಂದ ಸಣ್ಣ ಬ್ರಶ್ಶುಗಳು ಸಲ್ಮಾಬಾದಿನ ನಮ್ಮ ಕ್ಯಾಂಪಿನ ಕೋಣೆಯಲ್ಲಿ, ಟ್ರಂಕಿನ ಅಡಿಯಲ್ಲಿ, ಬಟ್ಟೆ ಸುತ್ತಿಕೊಂಡು ಮಲಗಿದ್ದವು. ಸುತ್ತಲೂ ವರ್ಕ್‌ಶಾಪುಗಳು. ಕಬ್ಬಿಣ ಕೊಯ್ಯುವ ಸದ್ದಿಗೆ ಎದ್ದು, ಅದೇ ಸದ್ದಿನಲ್ಲಿ ಊಟ ಮಾಡಿ, ಅದು ನಿಂತ ಮೇಲೆ ನಿದ್ದೆ ಹೋಗುತ್ತಿದ್ದೆವು.

ಹಮದ್ ಟೌನ್ ಆಗ ಹೊಸದಾಗಿ ಏಳುತ್ತಿತ್ತು. ಪಡುವಣದ ಕಡಲಿನಲ್ಲಿ ಸೌದಿಗೆ ಸೇತುವೆ ಕಟ್ಟುತ್ತಿದ್ದ ಕಾಲ ಅದು. ಒಂದು ವೃತ್ತ ದಾಟಿದರೆ ಅಂಥದ್ದೇ ಇನ್ನೊಂದು ವೃತ್ತ, ಅದರಾಚೆ ಒಂದೇ ಅಚ್ಚಿನಲ್ಲಿ ತೆಗೆದಂಥ ಮನೆಗಳ ಸಾಲು. ಜನ ಇನ್ನೂ ಪೂರ್ತಿ ಬಂದಿರಲಿಲ್ಲ. ಚಳಿಗಾಲದ ಬೆಳಿಗ್ಗೆ ಮಂಜು ಕವಿದರೆ ಪಿಕಪ್ಪಿನ ಹಿಂದೆ ಏಣಿ ಹಿಡಿದು ಕೂತ ನನಗೆ ಯಾವ ಊರೂ ಕಾಣುತ್ತಿರಲಿಲ್ಲ. ಬಿಳುಪಿನೊಳಗಿನಿಂದ ಬಿಳಿ ಗೋಡೆಗಳು ಒಂದೊಂದಾಗಿ ಹೊರಬಂದು, ಮತ್ತೆ ಬಿಳುಪಿಗೇ ಹೋಗುತ್ತಿದ್ದವು.

ಅಂಥ ಒಂದು ಬೆಳಿಗ್ಗೆ ಫೋರ್‌ಮನ್ ಶೇಖರಣ್ಣ ನನ್ನೊಬ್ಬನನ್ನೇ ಒಂದು ಗೇಟಿನ ಮುಂದೆ ಇಳಿಸಿದರು. ಅವರು ನಮ್ಮ ಕಡೆಯವರೇ, ಕಾಪುವಿನವರು.

"ಡಾಕ್ಟರ ಮನೆ ಇದು, ವಾಸು. ಗೋಡೆಯಲ್ಲಿ ಉಪ್ಪು ಎದ್ದಿದೆ. ಕೆರೆದು, ಒಣಗಿಸಿ, ಪುನಃ ಹೊಡಿಬೇಕು. ಡಾಕ್ಟ್ರು ಇಲ್ಲಿಯವರೇ, ಹೆಂಡ್ತಿ ಯುರೋಪಿನವ್ರು. ಕೆಲಸ ಚೊಕ್ಕ ಆಗ್ಬೇಕು ಅವರಿಗೆ. ಸುಮ್ನೆ ಮಾತಾಡ್ಲಿಕ್ಕೆ ಹೋಗ್ಬೇಡ, ಆಯ್ತಾ?"

ಆ ನೆಲವೇ ಹಾಗೆ. ಅಡಿಯಿಂದ ಉಪ್ಪುನೀರು ಏರಿ ಹೊಸ ಗೋಡೆಗಳು ಹಿಟ್ಟಿನಂತೆ ಉದುರುತ್ತಿದ್ದವು. ಒಂದು ಕೋಣೆ ಮುಗಿಸುವಷ್ಟರಲ್ಲಿ ಇನ್ನೊಂದು ಕೋಣೆಯಲ್ಲಿ ಉಪ್ಪು ಏಳುತ್ತಿತ್ತು. ಕೆಲವೇ ದಿನಗಳ ಕೆಲಸವೆಂದು ಹೋದವನು ಇಡೀ ಚಳಿಗಾಲ ಆ ಮನೆಗೆ ಹೋಗಿಬಂದೆ.

ಡಾಕ್ಟರ ಹೆಸರು ಯೂಸುಫ್. ಓದಿದ್ದು ಹಂಗೇರಿಯ ರಾಜಧಾನಿ ಬುಡಾಪೆಸ್ಟಿನಲ್ಲಿ. ಅಲ್ಲಿ ಜೊತೆಗೆ ಓದುತ್ತಿದ್ದ ಕಾತಿಯನ್ನು ಮದುವೆಯಾಗಿ ಕರೆದುಕೊಂಡು ಬಂದಿದ್ದರು. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಆಕೆ ಬಸುರಿಯಾಗಿದ್ದರು. ಮಗಳ ಹೆರಿಗೆಗೆಂದು ಅಲ್ಲಿಂದ ತಾಯಿ ಬಂದಿದ್ದರು. ಮಾರ್ಗಿತ್ ಎಂದು ಹೆಸರು. ನಾನು ಮೊದಲ ದಿನದಿಂದಲೇ ಮಾರ್ಗಿತಮ್ಮ ಎಂದು ಕರೆದೆ. ಅವರಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಕಪ್ಪು ತಲೆವಸ್ತ್ರ, ಕಪ್ಪು ನೆರಿಗೆಲಂಗ. ಮನೆಯಲ್ಲಿ ಸೋಫಾಗಳಿದ್ದರೂ ನನ್ನ ಖಾಲಿ ಪೈಂಟ್ ಡಬ್ಬವನ್ನು ಬೋರಲು ಹಾಕಿ ಅದರ ಮೇಲೆ ಕೂತು ನಾನು ಕೆಲಸ ಮಾಡುವುದನ್ನು ನೋಡುತ್ತಿದ್ದರು.

ಅವರಿಗೆ ಇಂಗ್ಲಿಷ್ ಬಾರದು, ಅರಬ್ಬಿ ಬಾರದು. ಅವರು ತಮ್ಮ ಭಾಷೆಯಲ್ಲಿ ಹೇಳುವರು, ನಾನು ಕನ್ನಡದಲ್ಲಿ ಹೇಳುವೆ. ಕೈ, ಕಣ್ಣು ಇದ್ದವಲ್ಲ. ಒಂದು ದಿನ ಕಿಟಕಿಯ ಅಂಚಿಗೆ ಟೇಪು ಹಚ್ಚದೆ ಗೆರೆ ಎಳೆಯುತ್ತಿದ್ದೆ. ಮಾರ್ಗಿತಮ್ಮ ಎದ್ದು ಬಂದು ಗೆರೆಯ ಉದ್ದಕ್ಕೂ ಬೆರಳಾಡಿಸಿದರು. ನನ್ನ ಮುಖ ನೋಡಿದರು. ನನ್ನ ಕೈಯಿಂದ ಬ್ರಶ್ಶು ತೆಗೆದುಕೊಂಡು, ಕೂದಲನ್ನು ಅಂಗೈ ಮೇಲೆ ಒತ್ತಿ ನೋಡಿ, ಬೇಡವೆಂಬಂತೆ ತಲೆಯಾಡಿಸಿದರು. ಮರುದಿನ ನಾನು ಟ್ರಂಕಿನ ಅಡಿಯಿಂದ ನನ್ನ ಮಲ್ಪೆಯ ಬ್ರಶ್ಶುಗಳನ್ನು ತೆಗೆದುಕೊಂಡು ಹೋದೆ. ಯಾಕೆಂದು ಕೇಳಿದರೆ ಹೇಳಲು ಗೊತ್ತಿರಲಿಲ್ಲ. ಡಬ್ಬದ ಮುಚ್ಚಳದ ಹಿಂಬದಿಯಲ್ಲಿ ಒಂದು ಮೀನು ಬರೆದು ತೋರಿಸಿದೆ. ಮಾರ್ಗಿತಮ್ಮ ನಕ್ಕರು. ಅದೇ ಬ್ರಶ್ಶು ಹಿಡಿದು, ಪೆನ್ಸಿಲಿನ ಗುರುತೂ ಇಲ್ಲದೆ, ಮೀನಿನ ಬಾಯಿಯ ಹತ್ತಿರ ಒಂದು ಹೂ ಬರೆದರು. ಬಟ್ಟಲಿನಂಥ ಹೂ, ಒಳಗೆ ಎಸಳಿನ ಮೇಲೆ ಎಸಳು. ಹೂ ಮೊದಲಿನಿಂದಲೂ ಅಲ್ಲೇ ಇತ್ತು, ಅವರು ಮೇಲಿನ ಧೂಳು ಒರೆಸಿದರು ಅಷ್ಟೆ ಅನಿಸಿತು.

ಅಷ್ಟರಲ್ಲಿ ಕಾತಿ ಮೇಡಂ ಬಂದರು. ಮುಚ್ಚಳ ನೋಡಿದವರೇ ತಾಯಿಗೆ ಏನೋ ಚುರುಕಾಗಿ ಅಂದರು. ತಾಯಿ ಎದ್ದು ಒಳಗೆ ಹೋದರು.

"ಅವರಿಗೆ ಬ್ರಶ್ ಕೊಡಬೇಡಿ, ವಾಸು," ಎಂದು ಮೇಡಂ ನನಗೆ ಇಂಗ್ಲಿಷಿನಲ್ಲಿ ಹೇಳಿದರು. "ನನ್ನ ಮನೆಯಲ್ಲಿ ಹೂ ಬೇಡ. ಗೋಡೆ ಬಿಳಿ ಇರಲಿ. ಪೂರ್ತಿ ಬಿಳಿ."

ಮೇಡಂಗೆ ಹೆಚ್ಚು ಓಡಾಡಬಾರದೆಂದು ಹೇಳಿದ್ದರು. ದಿನವಿಡೀ ದಿಂಬಿಗೊರಗಿ ಕೂತು ಬೇಜಾರಾಗುತ್ತಿತ್ತೋ ಏನೋ, ನಾನು ಪಕ್ಕದ ಕೋಣೆಯ ಉಪ್ಪು ಕೆರೆಯುವಾಗ ತೆರೆದ ಬಾಗಿಲಿನಿಂದ ಮಾತಾಡುತ್ತಿದ್ದರು. ಅವರ ಊರು ಕಲೋಚಾ ನನಗೆ ಗೊತ್ತಾದದ್ದು ಹೀಗೆ, ಕೆರೆಯುವ ಸದ್ದಿನ ನಡುವೆ, ತುಂಡು ತುಂಡಾಗಿ.

ಡ್ಯಾನ್ಯೂಬ್ ಎಂಬ ದೊಡ್ಡ ಹೊಳೆಯ ಪಕ್ಕದ ಸಣ್ಣ ಊರು ಅದು. ಪಕ್ಕವೆಂದರೆ, ಹಿಂದೊಮ್ಮೆ ಪಕ್ಕ. ಹೊಳೆ ಕಾಲಕ್ರಮೇಣ ಮಗ್ಗುಲು ಬದಲಿಸಿ ದೂರ ಸರಿಯಿತಂತೆ. ಊರು ಇದ್ದಲ್ಲೇ ಉಳಿಯಿತಂತೆ. ನಡುವೆ ಎರಡು ಗೋಪುರಗಳ ದೊಡ್ಡ ಇಗರ್ಜಿ, ಅದರ ಮುಂದೆ ದೊಡ್ಡ ಪಾದ್ರಿಗಳ ಅರಮನೆ. ಅವರ ಮೊದಲ ರಾಜನ ಕಾಲದಿಂದಲೂ ಆ ಪೀಠ ಅಲ್ಲಿದೆಯಂತೆ. ಆಮೇಲೆ ತುರ್ಕರ ಆಳ್ವಿಕೆ ಬಂತು, ಜನ ಚೆದುರಿದರು, ಊರು ಹಾಳುಬಿತ್ತು. ಅವರು ಹೋದ ಮೇಲೆ ಹಾಳಿನ ಮೇಲೆಯೇ ಇಗರ್ಜಿಯನ್ನು ಮತ್ತೆ ಕಟ್ಟಿದರು.

"ತುರ್ಕರು ಬಿಟ್ಟುಹೋದದ್ದು ಏನು ಗೊತ್ತುಂಟಾ?" ಎಂದು ಮೇಡಂ ಕೇಳಿದರು. "ಮೆಣಸು."

ಊರಿನ ಸುತ್ತ ಹಳ್ಳಿಗಳೆಲ್ಲ ಮೆಣಸಿನ ಹೊಲ. ಮಳೆಗಾಲ ಮುಗಿದು ನಮ್ಮಲ್ಲಿ ಬಿಸಿಲು ಬರುವ ಹೊತ್ತಿಗೆ ಅಲ್ಲಿ ಹಣ್ಣುಮೆಣಸು ಕೊಯ್ಲು. ಅದನ್ನು ದಾರಕ್ಕೆ ಪೋಣಿಸಿ, ಮಾಲೆ ಮಾಡಿ, ಮಾಡಿನ ಕೆಳಗೆ ನೇತುಹಾಕುವರು. ಮನೆಯ ಮೋರೆಯೇ ಕಾಣದಷ್ಟು ಕೆಂಪು. ಖಾರವಿಲ್ಲದ ತಳಿ ಬಂದದ್ದು ಈಚೆಗೆ. ಅದಕ್ಕೆ ಮೊದಲು ಹೆಂಗಸರು ಕೂತು ಪ್ರತಿ ಮೆಣಸಿನ ಒಳಗಿನ ನಾರನ್ನು ಕೈಯಿಂದ ಬಿಡಿಸಬೇಕಿತ್ತು. ಕೈಯುರಿ ಬೇಗ ಹೋಗುತ್ತಿರಲಿಲ್ಲ, ಅದಕ್ಕೇ ಮೊಲೆಯೂಡಿಸುವ ತಾಯಂದಿರನ್ನು ಆ ಕೆಲಸಕ್ಕೆ ಕೂರಿಸುತ್ತಿರಲಿಲ್ಲವಂತೆ.

ಅದೇ ಹೆಂಗಸರು ಗೋಡೆಗೆ ಹೂ ಬರೆಯುವವರು. ಸುಣ್ಣ ಬಳಿದ ಜಗಲಿ, ಒಲೆ, ಮದುವಣಗಿತ್ತಿಯ ಕೋಣೆ, ಎಲ್ಲ ಕಡೆ. ಬಟ್ಟೆಗೆ ಕಸೂತಿ ಹಾಕುವ ಮೊದಲು ಅದರ ಮೇಲೆ ಹೂಬಳ್ಳಿ ಮೂಡಿಸಿಕೊಡುವವರೂ ಅವರೇ. ಅಂಥವರನ್ನು ಆ ಊರಿನಲ್ಲಿ ಬರೆಯುವ ಹೆಂಗಸರು ಎಂದೇ ಕರೆಯುತ್ತಾರಂತೆ.

"ನಾವೂ ರಂಗೋಲಿ ಬರೆಯುವುದು ಅಂತಲೇ ಹೇಳುವುದು, ಮೇಡಂ," ಎಂದೆ.

"ನನ್ನ ಅಮ್ಮ ಇಡೀ ಊರಿಗೆ ಬರೆದವಳು. ಆಮೇಲೆ ಸಹಕಾರ ಸಂಘ ಬಂತು. ತಟ್ಟೆಗಳ ಮೇಲೆ ಅದದೇ ಹೂ, ಪ್ರವಾಸಿಗಳಿಗೆ ಮಾರಲಿಕ್ಕೆ. ಬಸ್ಸಿನಲ್ಲಿ ಜನ ಬಂದರೆ ನನಗೆ ಕಸೂತಿ ಲಂಗ ಹಾಕಿ ಬಾಗಿಲಲ್ಲಿ ನಿಲ್ಲಿಸುತ್ತಿದ್ದಳು. ಅವರು ನನ್ನ ಫೋಟೋ ತೆಗೆಯುತ್ತಿದ್ದರು, ಗೊಂಬೆಯದು ತೆಗೆದ ಹಾಗೆ. ನಾನು ಓದಲಿಕ್ಕೆ ಹೋದದ್ದೇ ಆ ಲಂಗ ಬಿಚ್ಚಲಿಕ್ಕೆ." ದಿಂಬು ಸರಿಮಾಡಿಕೊಂಡು, "ಯೂಸುಫ್‌ನನ್ನು ಊರಿಗೆ ಕರೆದುಕೊಂಡು ಹೋದಾಗ ಅಮ್ಮ ಮೆಣಸು ಪೋಣಿಸುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ. ಇವತ್ತಿಗೂ ಅವನ ಹೆಸರು ಹೇಳಿ ಕರೆದಿಲ್ಲ," ಎಂದರು.

ಅದನ್ನು ನಾನೂ ಗಮನಿಸಿದ್ದೆ. ಡಾಕ್ಟರು ಸಂಜೆ ಬಂದು ಅತ್ತೆಗೆ ಅವರ ಭಾಷೆಯಲ್ಲೇ ನಮಸ್ಕಾರ ಹೇಳುವರು. ಮಾರ್ಗಿತಮ್ಮ ಬಟ್ಟಲು ಮುಂದೆ ಇಟ್ಟು ಊಟ ಬಡಿಸುವರು, ಮಾತು ಮಾತ್ರ ಇಲ್ಲ. ಆ ಊಟದ ವಾಸನೆಯೇ ನಾನು ಹೇಳಿದ್ದು. ನೀರುಳ್ಳಿ ಬಾಡಿಸಿ, ಪಾತ್ರೆಯನ್ನು ಬೆಂಕಿಯಿಂದ ಇಳಿಸಿ, ಊರಿನಿಂದ ತಂದ ಕೆಂಪು ಹುಡಿಯನ್ನು ಅದಕ್ಕೆ ಸುರಿಯುವರು. ನನಗೂ ಒಂದು ತಟ್ಟೆ ಬರುತ್ತಿತ್ತು. ಖುಬ್ಬೂಸ್ ರೊಟ್ಟಿ ಅದ್ದಿಕೊಂಡು ತಿನ್ನುವಾಗ ನಾಲಿಗೆ ಖಾರಕ್ಕೆ ಕಾದೇ ಕಾಯುತ್ತಿತ್ತು, ಅದು ಬರುತ್ತಲೇ ಇರಲಿಲ್ಲ.

ಚಳಿ ಜೋರಾದ ದಿನಗಳಲ್ಲಿ ಒಂದು ಮಧ್ಯಾಹ್ನ ಮೇಡಂಗೆ ಹೊಟ್ಟೆನೋವು ಬಂತು. ದಿನ ತುಂಬಲು ಇನ್ನೂ ಬಹಳ ಇತ್ತು. ಡಾಕ್ಟರು ಓಡಿ ಬಂದು ಆಸ್ಪತ್ರೆಗೆ ಸೇರಿಸಿದರು. ಮಗು ಒಳಗೆ ಇದ್ದಷ್ಟು ದಿನ ಇರಲಿ, ಹಾಸಿಗೆಯಿಂದ ಏಳಬಾರದು ಎಂದು ಅಲ್ಲಿಯವರು ಹೇಳಿದರಂತೆ. ಡಾಕ್ಟರು ತಮ್ಮ ಕೆಲಸ ಮುಗಿಸಿ ಹೆಂಡತಿಯ ಹತ್ತಿರ ಹೋಗುವರು, ತಡವಾಗಿ ಮನೆಗೆ ಬರುವರು. ಹಗಲೆಲ್ಲ ಆ ಮನೆಯಲ್ಲಿ ಉಳಿದದ್ದು ಮಾರ್ಗಿತಮ್ಮ, ನಾನು, ಗೋಡೆಯ ಉಪ್ಪು.

ಮೊದಲು ಕೆಲವು ದಿನ ಅವರು ಕಿಟಕಿಯ ಹತ್ತಿರ ಕೂತೇ ಇದ್ದರು. ಜಪಮಣಿ ಬೆರಳಿನಲ್ಲಿ ನಿಂತುಹೋಗಿರುತ್ತಿತ್ತು. ಹೊರಗೆ ಮಂಜು, ಒಳಗೆ ಮಂಜಿನ ಬಣ್ಣದ ಗೋಡೆಗಳು. ಒಂದು ಬೆಳಿಗ್ಗೆ ನಾನು ಹೋದಾಗ ಲಂಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಗುವಿಗೆಂದು ಇಟ್ಟ ಕೋಣೆಯಲ್ಲಿ ನಿಂತಿದ್ದರು. ನನ್ನ ಕೈಹಿಡಿದು ಗೋಡೆ ತೋರಿಸಿದರು. ಬ್ರಶ್ಶು ಕೇಳಿದರು.

ನಾನು ತಲೆಯಾಡಿಸಿದೆ. "ಬೇಡ ಅಮ್ಮ. ಮೇಡಂ ಬಿಳಿ ಅಂತ ಹೇಳಿದ್ದಾರೆ. ಹೂ ಬೇಡ ಅಂತ ಹೇಳಿದ್ದಾರೆ."

ಬಿಳಿ ಎನ್ನುವಾಗ ನಾನು ಗೋಡೆಯನ್ನು ಮುಟ್ಟಿ ತೋರಿಸಿದೆ. ಅವರು, "ಫೆಹೇರ್," ಎಂದರು. ಅವರ ಭಾಷೆಯಲ್ಲಿ ಬಿಳಿ. ನನ್ನ ಡಬ್ಬಗಳ ಹತ್ತಿರ ಹೋಗಿ, ಬಾಗಿಲಿಗೆ ಬಳಿಯಲು ಇಟ್ಟಿದ್ದ ಹಾಲುಬಿಳಿ ಬಣ್ಣದ ಡಬ್ಬದ ಮೇಲೆ ಕೈಯಿಟ್ಟು ಮತ್ತೆ, "ಫೆಹೇರ್," ಎಂದರು. ಆಮೇಲೆ ಒಳಗೆ ಹೋಗಿ ತಮ್ಮ ಪೆಟ್ಟಿಗೆಯಿಂದ ಒಂದು ಹಳೆಯ ದಿಂಬಿನ ಚೀಲ ತಂದು ಬೆಳಕಿಗೆ ಹಿಡಿದರು. ಬಿಳಿ ಬಟ್ಟೆ, ಅದರ ಮೇಲೆ ಬಿಳಿ ದಾರದ ಕಸೂತಿ. ಅವರ ಅಜ್ಜಿಯದಿರಬೇಕು, ಅಷ್ಟು ಹಳೆಯದು. ತೊಳೆದರೆ ಬಣ್ಣ ಬಿಡದ ದಾರ ಸಿಗುವ ಮೊದಲು ಆ ಊರಿನ ಕಸೂತಿಯೆಲ್ಲ ಹೀಗೇ ಇತ್ತೆಂದು ಆಮೇಲೆ ಮೇಡಂ ಹೇಳಿದರು.

ನಾನು ಬ್ರಶ್ಶು ಕೊಟ್ಟೆ.

ಕೆನೆಬಿಳಿ ಗೋಡೆಯ ಮೇಲೆ ಹಾಲುಬಿಳಿ ಹೂ. ನೇರ ನಿಂತು ನೋಡಿದರೆ ಏನೂ ಇಲ್ಲ. ಸ್ವಲ್ಪ ಬಗ್ಗಿ, ಬೆಳಕಿಗೆ ಓರೆಯಾದರೆ ಇಡೀ ಗೋಡೆ ಅರಳಿಕೊಂಡಿರುತ್ತಿತ್ತು. ಅವರು ಹೂವಿನ ನಡುವಿನಿಂದ ಶುರುಮಾಡಿ ಹೊರಗೆ ಬರುವರು, ಎಸಳಿನ ಕೊನೆಯಲ್ಲಿ ಮಣಿಕಟ್ಟನ್ನು ತುಸು ಹೊರಳಿಸಿ ಬ್ರಶ್ಶು ಎತ್ತುವರು. ನಾನು ಏಣಿ ಹಿಡಿದು ಆ ಹೊರಳನ್ನೇ ನೋಡುತ್ತಿದ್ದೆ. ಬರೆಯುವಾಗ ಮೆಲ್ಲಗೆ ಏನೋ ಗುನುಗುವರು. ಅರ್ಥವಾಗದ ಆ ದನಿಯಲ್ಲಿ ನನಗೆ ಮಲ್ಪೆಯ ಮರಳ ಮೇಲೆ ಬೋರಲು ಹಾಕಿದ ದೋಣಿಗಳು ಕಾಣುತ್ತಿದ್ದವು, ಅವುಗಳ ಮೇಲೆ ನೇತುಹಾಕಿದ ಕೆಂಪು ಮಾಲೆಗಳು ಕಾಣುತ್ತಿದ್ದವು. ಯಾವುದು ಯಾರ ಊರು ಎಂಬುದು ಕೆಲವು ಗಳಿಗೆ ಮರೆತುಹೋಗುತ್ತಿತ್ತು.

ಒಂದು ಸಂಜೆ ಡಾಕ್ಟರು ಬೇಗ ಬಂದುಬಿಟ್ಟರು. ಮಾರ್ಗಿತಮ್ಮ ಏಣಿಯ ಮೇಲಿದ್ದರು. ಡಾಕ್ಟರು ಬಾಗಿಲಲ್ಲಿ ನಿಂತು ಗೋಡೆ ನೋಡಿದರು, ಏನೂ ಕಾಣಲಿಲ್ಲ. ಒಳಗೆ ಬಂದು ತಿರುಗಿದಾಗ ಕಂಡಿತು.

"ಮೇಡಂಗೆ ಗೊತ್ತಿಲ್ಲ, ಸಾಬ್," ಎಂದೆ ಹಿಂದಿಯಲ್ಲಿ. "ಬೇಡ ಅಂದರೆ ಈಗಲೇ ಮೇಲೆ ಒಂದು ಕೋಟ್ ಹೊಡೆದುಬಿಡ್ತೇನೆ."

ಅವರು ಗೋಡೆಯನ್ನೇ ನೋಡುತ್ತ ನಿಂತರು. ಮಾರ್ಗಿತಮ್ಮ ಮೇಲಿನಿಂದ ಅವರನ್ನು ನೋಡಿದರು. ಕೈಯಲ್ಲಿದ್ದ ಡಬ್ಬವನ್ನು ಕೆಳಗೆ ಚಾಚಿ, "ಯೂಸುಫ್," ಎಂದು ಕರೆದು, ಇನ್ನೂ ಒಂದೆರಡು ಮಾತು ಹೇಳಿದರು. ಹಿಡಿದುಕೋ, ಕೈ ಸೋತಿದೆ ಎಂದಿರಬೇಕು. ಡಾಕ್ಟರು ಬಂದು ಡಬ್ಬ ಹಿಡಿದರು. ಕೋಟೂ ಬಿಚ್ಚಲಿಲ್ಲ. ಅತ್ತೆ ಬ್ರಶ್ಶು ಅದ್ದಿದಾಗಲೆಲ್ಲ ಬಿಳಿಯ ಹನಿಗಳು ಅವರ ತೋಳಿನ ಮೇಲೆ ಬೀಳುತ್ತಿದ್ದವು. ನಾನು ಮೆಲ್ಲನೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ.

ಅಲ್ಲಿಂದ ಮುಂದೆ ಸಂಜೆಗೆ ಆ ಮನೆಯಲ್ಲಿ ಮಾತು ಕೇಳಿಸುತ್ತಿತ್ತು.

ಮಗು ಅವಸರ ಮಾಡಿಯೇ ಹುಟ್ಟಿತು. ಹೆಣ್ಣುಮಗು. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಉಸಿರಾಟ ಸರಿಯಿಲ್ಲ ಎಂದು ಡಾಕ್ಟರು ಹೇಳಿದರು. ಹೇಳುವಾಗ ಅವರು ಡಾಕ್ಟರಾಗಿರಲಿಲ್ಲ. ಮಾರ್ಗಿತಮ್ಮ ಆಸ್ಪತ್ರೆಯಿಂದ ಬಂದು ಗೋಡೆಯ ಮುಂದೆ ನಿಂತರು, ಆದರೆ ಬ್ರಶ್ಶು ಮುಟ್ಟಲಿಲ್ಲ. ಬಾಗಿಲ ಮೂಲೆಯಲ್ಲಿ ಒಂದು ಹೂ ಅರ್ಧಕ್ಕೆ ನಿಂತಿತು. ನಾನು ಕ್ಯಾಂಪಿಗೆ ಹೋಗಿ ಶೇಖರಣ್ಣನಿಗೆ ಹೇಳಿದೆ. ಅವರು ಅನ್ನದ ತಟ್ಟೆಯಿಂದ ಕೈ ತೆಗೆದರು.

"ನಂದೂ ದೊಡ್ಡವಳು ಹಾಗೆಯೇ ಹುಟ್ಟಿದ್ದು ಮಾರಾಯ, ಅಂಗೈಯಷ್ಟೇ ಇದ್ದಳು. ಈಗ ನೋಡು, ಶಾಲೆಗೆ ಹೋಗ್ತಾಳೆ. ನಾಳೆ ಹೋದ ಕೂಡ್ಲೆ ಆ ಅಮ್ಮನಿಗೆ ಹೇಳು."

ಹೇಳಿದೆ. ಅಂಗೈ ತೋರಿಸಿ, ಆಮೇಲೆ ಕೈಯನ್ನು ಸೊಂಟದೆತ್ತರಕ್ಕೆ ಏರಿಸಿ ತೋರಿಸಿದೆ. ಮಾರ್ಗಿತಮ್ಮ ನನ್ನ ಅಂಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತರು.

ಮಗು ಉಳಿಯಿತು. ಗಾಳಿಯಲ್ಲಿ ಬಿಸಿ ಕಾಣುವ ಹೊತ್ತಿಗೆ ತಾಯಿ ಮಗು ಮನೆಗೆ ಬಂದರು. ಬೆಳಿಗ್ಗೆಯ ಬಿಸಿಲು ಕೋಣೆಗೆ ಓರೆಯಾಗಿ ಬೀಳುತ್ತಿತ್ತು. ಕಾತಿ ಮೇಡಂ ಮಗುವನ್ನೆತ್ತಿಕೊಂಡು ಒಳಗೆ ಹೋದವರು ಅಲ್ಲೇ ನಿಂತುಬಿಟ್ಟರು. ನಾನು ಹಜಾರದಲ್ಲಿ ಉಪ್ಪು ಕೆರೆಯುತ್ತಿದ್ದವನು ಕೈ ನಿಲ್ಲಿಸಿದೆ. ಎಷ್ಟೋ ಹೊತ್ತಿನ ಮೇಲೆ ಮೇಡಂ ಏನೋ ಕೇಳಿದರು, ತಾಯಿ ಒಂದೇ ಮಾತಿನಲ್ಲಿ ಉತ್ತರ ಕೊಟ್ಟರು. ಆಮೇಲೆ ಇಬ್ಬರೂ ಅಳುತ್ತಿದ್ದರು.

ಆ ಮಾತೇನೆಂದು ಮೇಡಂ ಆಮೇಲೆ ನನಗೆ ಹೇಳಿದರು. "ನಾನು ಬಿಳಿ ಕೇಳಿದ್ದೆನಲ್ಲ ಅಂದೆ. ಇದು ಬಿಳಿಯೇ ಅಲ್ಲವಾ ಅಂದಳು."

ಬಿಸಿಲು ಏರುವ ಮೊದಲು ಮಾರ್ಗಿತಮ್ಮ ಊರಿಗೆ ಹೊರಟರು. ಮೆಣಸಿನ ಸಸಿ ನೆಡುವ ಕಾಲವಂತೆ. ನನ್ನ ಬ್ರಶ್ಶುಗಳನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, "ಫಿಯಾಮ್," ಎಂದರು. ನನ್ನ ಮಗನೇ ಎಂದು ಅರ್ಥ. ಮುಂದಿನ ಚಳಿಗಾಲಕ್ಕೆ ಬರುತ್ತೇನೆ ಎಂದು ಹೇಳಿ ಹೋದರು.

ಬರಲಿಲ್ಲ. ಮತ್ತೊಂದು ಚಳಿಗಾಲ ಶುರುವಾದಾಗ ಶೇಖರಣ್ಣ ಆ ಮನೆಯ ಗೇಟಿನ ಮುಂದೆ ನನ್ನನ್ನು ಮತ್ತೆ ಇಳಿಸಿದರು. ನಾನು ಉಪ್ಪು ಎದ್ದಿರಬೇಕೆಂದು ಕೆರೆಯುವ ತಗಡು ಹಿಡಿದೇ ಒಳಗೆ ಹೋದೆ. ಕಾತಿ ಮೇಡಂ ಅಡುಗೆಮನೆಯಲ್ಲಿದ್ದರು. ಮಗು ಗೋಡೆ ಹಿಡಿದು ನಡೆಯುತ್ತಿತ್ತು.

"ಅಮ್ಮ ಹೋದಳು, ವಾಸು," ಎಂದರು. "ಮೆಣಸು ಕೊಯ್ಲಿನ ಹೊತ್ತಿಗೆ. ಮಣ್ಣು ಮಾಡುವ ಹೊತ್ತಿಗೂ ನನಗೆ ಹೋಗಿ ಮುಟ್ಟಲಿಕ್ಕೆ ಆಗಲಿಲ್ಲ."

ನಾನು ಕೈಯಲ್ಲಿದ್ದ ತಗಡನ್ನು ಕೆಳಗಿಟ್ಟೆ. ಮಗು ಬಂದು ನನ್ನ ಪ್ಯಾಂಟು ಹಿಡಿದುಕೊಂಡಿತು.

ಮೇಡಂ ಅಡುಗೆಮನೆಯ ಖಾಲಿ ಗೋಡೆ ತೋರಿಸಿದರು. "ಇಲ್ಲಿ ನನಗೆ ಹೂ ಬೇಕು. ಬಿಳಿ ಅಲ್ಲ. ಕೆಂಪು, ಹಸಿರು, ಎಲ್ಲ. ನನಗೆ ಬರೆಯಲಿಕ್ಕೆ ಬರುವುದಿಲ್ಲ. ಅವಳು ಕಲಿಸಲಿಕ್ಕೆ ಕೂತಾಗಲೆಲ್ಲ ನಾನು ಎದ್ದು ಓಡಿದ್ದೇನೆ. ನೀವು ಇಡೀ ಚಳಿಗಾಲ ಅವಳ ಕೈ ನೋಡಿದ್ದೀರಿ. ಹೇಗೆ ಮಾಡುತ್ತಿದ್ದಳು?"

ಶೇಖರಣ್ಣನಿಗೆ ಹೇಳಿ ವರ್ಕ್‌ಶಾಪಿನಲ್ಲಿ ಉಳಿದಿದ್ದ ಬಣ್ಣದ ಡಬ್ಬಗಳನ್ನು ತರಿಸಿದೆ. ಹೂವಿನ ನಡುವಿನಿಂದ ಶುರುಮಾಡಿದೆ, ಹೊರಗೆ ಬಂದೆ, ಕೊನೆಯಲ್ಲಿ ಮಣಿಕಟ್ಟು ಹೊರಳಿಸಿದೆ. ನನ್ನ ಕೈ ದೋಣಿಗೆ ಪಳಗಿದ ಕೈ. ಎಸಳು ಬಟ್ಟಲಾಗುವ ಬದಲು ಅಗಲಕ್ಕೆ ಬಿಚ್ಚಿಕೊಂಡು, ನಡುವಿನಿಂದ ಒಂದು ದಂಟು ಹೊರಗೆ ಚಾಚಿತು. ಮೇಡಂ ಹತ್ತಿರ ಬಂದು ನೋಡಿದರು.

"ಇದು ನಮ್ಮೂರಿನ ಹೂ ಅಲ್ಲ."

"ಅಲ್ಲ ಮೇಡಂ. ನಮ್ಮ ದಾಸವಾಳದ ಹಾಗೆ ಆಯ್ತು. ಒರೆಸಿಬಿಡ್ತೇನೆ."

ಅವರು ನಕ್ಕರು. ಕಣ್ಣಲ್ಲಿ ನೀರಿತ್ತು. "ಒರೆಸಬೇಡಿ, ಇರಲಿ. ಇಲ್ಲಿ ಕೊಡಿ," ಎಂದು ಕೈ ಚಾಚಿದರು. ನಾನು ಬ್ರಶ್ಶು ಕೊಟ್ಟೆ. ದಾಸವಾಳದ ಪಕ್ಕದಲ್ಲಿ ಒಂದು ಚುಕ್ಕೆಯಿಟ್ಟು, ಬಹಳ ಹೊತ್ತು ಹಾಗೇ ನಿಂತು, ಆಮೇಲೆ ಎಳೆದರು. ಮೊದಲ ಎಸಳು ಸೊಟ್ಟ ಬಂತು. ಎರಡನೆಯದೂ ಸೊಟ್ಟ. ಮೂರನೆಯ ಎಸಳಿನ ಕೊನೆಯಲ್ಲಿ ಅವರ ಮಣಿಕಟ್ಟು ತಾನಾಗಿಯೇ ಹೊರಳಿತು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ, ಹೇಳಿಕೊಡಲು ನನಗೆ ಬರುತ್ತಲೂ ಇರಲಿಲ್ಲ. ಮೇಡಂ ತಮ್ಮ ಕೈಯನ್ನೇ ನೋಡಿಕೊಂಡರು.

ನಾನು ಮಗುವನ್ನೆತ್ತಿಕೊಂಡು ದೂರ ನಿಂತೆ. ಆಮೇಲೆ ಅವರು ತಿರುಗಿ ನೋಡಲಿಲ್ಲ. ಹೂವಿನಿಂದ ಎಲೆಗೆ, ಎಲೆಯಿಂದ ಮೊಗ್ಗಿಗೆ ಹೋದರು. ಬಿಸಿಲು ಕಿಟಕಿ ದಾಟಿ ಗೋಡೆ ಹತ್ತಿತು. ತುಸು ಹೊತ್ತಿನ ಮೇಲೆ, ಬೆನ್ನು ಹಾಕಿಕೊಂಡೇ, "ಕೆಂಪು ಸಾಲುವುದಿಲ್ಲ, ವಾಸು," ಎಂದರು. "ಇನ್ನೊಂದು ಡಬ್ಬ ತನ್ನಿ."